ಎಲ್ಲರಿಗೂ ಒಂದೇ ಹೆಗಲು

ಕಳೆದ ಚಳಿಗಾಲದಲ್ಲಿ ಶಹಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಳೆಯ ಗಿರಾಕಿಯೊಬ್ಬರು ಗುರುತು ಹಿಡಿದು ಹತ್ತಿರ ಬಂದರು.

"ಆಚಾರ್ರೇ, ನಿಮ್ಮ ಸ್ಟುಡಿಯೋದಾಗ ಇದ್ನಲ್ಲರಿ, ಆ ಭಂಕೂರದವ. ಪಾಪ, ಕಣ್ಣು ಹೋಗಿದ್ವಲ್ಲ, ಅವ ತೀರಕೊಂಡ ನೋಡ್ರಿ."

ನಾನು "ಹೌದಾ" ಎಂದೆ. ಯಾವಾಗ ಎಂದು ಕೇಳಿದೆ, ಏನಾಗಿತ್ತು ಎಂದು ಕೇಳಿದೆ. ಅವನ ಕಣ್ಣು ಹೋಗಿರಲಿಲ್ಲ ಎಂಬ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ಹತ್ತಬೇಕಾದ ಬಸ್ಸೂ ಅದೇ. ಹತ್ತದೆ ಅಲ್ಲೇ ಕುಳಿತುಬಿಟ್ಟೆ.

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದವರು ಅವನ ಮನೆಯವರು. ಆ ಮಾತು ಮುಂದೆ ಬರುತ್ತದೆ.

ನಮ್ಮದು ಗುಡಿಯ ಪೂಜೆಯ ಮನೆತನ. ಅಣ್ಣ ಪೂಜೆ ನೋಡಿಕೊಂಡ. ಹೈಸ್ಕೂಲು ಮುಗಿಸಿದ ಮೇಲೆ ಮುಂದೆ ಓದಲು ಮನಸ್ಸಿಲ್ಲದ ನಾನು ಕ್ಯಾಮೆರಾ ಹಿಡಿದೆ. ಶಹಾಬಾದಿನಲ್ಲಿ ಸ್ಟುಡಿಯೋ ಹಾಕಿದ ಮೇಲೂ ಜನರ ಬಾಯಲ್ಲಿ ನಾನು ಆಚಾರ್ರೇ ಆಗಿ ಉಳಿದೆ. ತೊಂಬತ್ತರ ದಶಕದ ಮೊದಲಲ್ಲಿ ಅವನು ನನ್ನಲ್ಲಿಗೆ ಬಂದ. ಅದಕ್ಕೂ ಮೊದಲು ಭಂಕೂರದ ಖಣಿಯಲ್ಲಿ ಫರ್ಸಿ ಹೊರುತ್ತಿದ್ದ. ನಮ್ಮೂರ ಕಲ್ಲಿನ ಆ ಅಗಲವಾದ ಹಾಸುಗಲ್ಲುಗಳನ್ನು ಗೋಣಿಚೀಲ ಮಡಿಸಿ ಹೆಗಲ ಮೇಲೆ ಇಟ್ಟುಕೊಂಡು ಲಾರಿಗೆ ಏರಿಸಬೇಕು. ವರ್ಷಗಟ್ಟಲೆ ಒಂದೇ ಹೆಗಲ ಮೇಲೆ ಹೊತ್ತು ಅವನ ಎಡ ಹೆಗಲು ಬಲ ಹೆಗಲಿಗಿಂತ ತುಸು ಕೆಳಗೆ ಇಳಿದಿತ್ತು. ದೂರದಿಂದ ನೋಡಿದರೆ ಯಾರೋ ಆ ಕಡೆ ಕರೆದಿದ್ದಾರೆ, ಇವನು ಓಗೊಡಲು ವಾಲಿದ್ದಾನೆ ಅನ್ನಿಸುತ್ತಿತ್ತು.

ಆಗ ಕಂಪ್ಯೂಟರ್ ಇರಲಿಲ್ಲ. ಗಂಡ ಒಂದೂರಲ್ಲಿ, ಹೆಂಡತಿ ಒಂದೂರಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಜೋಡಿ ಮಾಡಿ ಕೊಡಿ ಎಂದು ಜನ ಬರುತ್ತಿದ್ದರು. ತೀರಿಹೋದ ತಾಯಿಯನ್ನು ಮಗನ ಮದುವೆಯ ಫೋಟೋದಲ್ಲಿ ಕೂರಿಸಿ ಎನ್ನುತ್ತಿದ್ದರು. ಬ್ಲೇಡಿನಿಂದ ಆಕೃತಿಯನ್ನು ಕತ್ತರಿಸಿ, ಅಂಚಿನ ಹಿಂಭಾಗವನ್ನು ಪಾಲೀಸ್ ಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಿ, ಇನ್ನೊಂದು ಫೋಟೋದ ಮೇಲೆ ಅಂಟಿಸಿ, ಮತ್ತೆ ಫೋಟೋ ತೆಗೆಯಬೇಕು. ಅಂಚು ದಪ್ಪಗಿದ್ದರೆ ನೆರಳು ಬಿದ್ದು ಕಳ್ಳತನ ಬಯಲಾಗುತ್ತದೆ. ನಾನು ಕತ್ತರಿಸಿದರೆ ಬಯಲಾಗುತ್ತಿತ್ತು. ಅವನು ಕತ್ತರಿಸಿದರೆ ಮಗನಿಗೇ ಅನುಮಾನ ಬರುತ್ತಿತ್ತು, ಅವ್ವ ಮದುವೆಗೆ ಬಂದಿದ್ದಳೇ ಎಂದು.

"ಮುಖ ದೇವ್ರ ಕೆಲಸರಿ, ಅದನ್ನ ನಾವು ಮುಟ್ಟಬಾರದು. ಅಂಚು ನಮ್ಮದು," ಎನ್ನುತ್ತಿದ್ದ.

ಅವನನ್ನು ಸಂತನ ಹಾಗೆ ಚಿತ್ರಿಸಿದರೆ ಮತ್ತೊಂದು ಸುಳ್ಳಾಗುತ್ತದೆ. ಬಾಯಿ ಬಹಳ. ಗಿರಾಕಿ ಹೊರಗೆ ಕಾಲಿಟ್ಟ ಮೇಲೆ ಅವರ ಕಿವಿ, ಮೂಗು, ಗದ್ದದ ಮೇಲೆ ಅವನ ಟೀಕೆ ಶುರುವಾಗುತ್ತಿತ್ತು. ಒಮ್ಮೊಮ್ಮೆ ಕಾಲಿಡುವ ಮೊದಲೇ. ಊಟವಾದ ಮೇಲೆ, ಫೋಟೋದ ಹಿನ್ನೆಲೆಗೆ ತೂಗುಹಾಕುವ ಹಿಮಾಲಯದ ಪರದೆಯನ್ನು ನೆಲಕ್ಕೆ ಹಾಸಿಕೊಂಡು ಮಲಗುತ್ತಿದ್ದ. ನಮ್ಮ ಹಿಮಾಲಯಕ್ಕೆ ಅವನ ತಲೆಯೆಣ್ಣೆಯ ಕಲೆ ಹತ್ತಿತ್ತು. ಮುನಿಸಿಕೊಂಡರೆ ಎರಡು ದಿನ ನನ್ನ ಪ್ರಶ್ನೆಗೆ ಗೋಡೆಯ ಕಡೆ ನೋಡಿ ಉತ್ತರ ಕೊಡುತ್ತಿದ್ದ.

ಅವನು ಕೂರುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಮೊದಲು ಅದು ಫಿಲ್ಮ್ ತೊಳೆಯುವ ಕತ್ತಲೆ ಕೋಣೆ. ಎರಡು ಸಾವಿರದ ನಂತರ ಕಂಪ್ಯೂಟರ್ ತಂದಾಗ ಅದನ್ನೂ ಅಲ್ಲೇ ಇಟ್ಟೆ. ಕೋಣೆಗೆ ಕಿಟಕಿ ಇರಲಿಲ್ಲ. ಬ್ಲೇಡು ಬಿಟ್ಟು ಮೌಸ್ ಹಿಡಿದ ಮೇಲೆ ಅವನು ಕೇಳಿದ.

"ಆಚಾರ್ರೇ, ಈಗ ಫಿಲ್ಮ್ ಇಲ್ಲ, ಏನಿಲ್ಲ. ಒಂದು ಖಿಡಕಿ ಹೊಡಸ್ರಿ. ಹೊರಗ ಹಗಲದನೋ ಸಂಜಿ ಆಗ್ಯಾದನೋ ಒಂದೂ ತಿಳಿವಲ್ದು."

"ಬೆಳಕು ಬಿದ್ರ ಪರದೆ ಕಾಣಂಗಿಲ್ಲೋ," ಎಂದೆ.

"ನಾ ಎದರಾಗ ಇದ್ದೀನಿ, ಗೋರಿದಾಗೋ ಸ್ಟುಡಿಯೋದಾಗೋ ಅಂತ ಮನ್ಯಾಗ ಕೇಳಾಕತ್ತ್ಯಾರ್ರಿ."

ನಕ್ಕೆ. ಕಿಟಕಿ ಒಡೆಸಲಿಲ್ಲ.

ಆ ದಿನಗಳಲ್ಲಿ ವಾಡಿಯ ಶರಣಪ್ಪ ಬಂದ. ಕಂಪ್ಯೂಟರುಗಳನ್ನಿಟ್ಟು ಹುಡುಗರಿಗೆ ಗೇಮ್ ಆಡಲು ಕೊಡುವ ಅಂಗಡಿ ಅವನದು, ರೈಲ್ವೆ ಕ್ವಾರ್ಟರ್ಸಿನ ಹತ್ತಿರ. ಅವನಲ್ಲಿ ಒಂದು ಕ್ರಿಕೆಟ್ ಗೇಮ್ ಇತ್ತು. ಬ್ಯಾಟ್ಸ್‌ಮನ್ ಮೈದಾನಕ್ಕೆ ಬಂದಾಗ ಪರದೆಯ ಮೂಲೆಯಲ್ಲಿ ಅವನ ತಲೆ ಮತ್ತು ಹೆಗಲಿನ ಚಿತ್ರ ಮೂಡುತ್ತದೆ. ಬರೀ ಆಳು, ಹಿಂದೆ ಗೋಡೆ ಇಲ್ಲ, ಆಕಾಶ ಇಲ್ಲ. ಆ ಚಿತ್ರಗಳನ್ನು ತೆಗೆದು, ನಮ್ಮ ಐದು ಊರುಗಳಲ್ಲಿ ಟೆನಿಸ್ ಚೆಂಡಿನ ಪಂದ್ಯ ಆಡುವ ಹುಡುಗರ ಚಿತ್ರ ಹಾಕಬೇಕೆಂದು ಶರಣಪ್ಪನ ಆಸೆ.

"ಹೆಸರು ಬದಲ್ ಮಾಡೋದು ನನಗ ಬರತದರಿ ಆಚಾರ್ರೇ. ಮುಖ ಬದಲ್ ಮಾಡೋದು ನಿಮ್ಮಿಂದಾಗಬೇಕು."

ಹಿಂದಿನ ಕೋಣೆಯಿಂದ ಅವನ ದನಿ ಬಂತು. "ಎಷ್ಟು ಮಂದಿ?"

"ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಐದು ಟೀಮು, ನೀನೇ ಲೆಕ್ಕ ಹಾಕು."

"ಅದರಾಗ ಬೋಳ ಇದ್ದವ್ರು ಎಷ್ಟು ಮಂದಿ?"

"ಯಾಕಪಾ?"

"ಬೋಳ ತಲಿ ಅಂದ್ರ ಕತ್ತರಸಾಕ ಹಲ್ವಾ ಇದ್ದಂಗ. ಕೂದಲ ಅಂದ್ರ ನನ್ನ ಜೀವಾ ತಿಂತಾವ."

ಅವನಿಗೆ ಕ್ರಿಕೆಟ್ ಕಂಡರೆ ಆಗುತ್ತಿರಲಿಲ್ಲ. ಬಿಸಿಲಲ್ಲಿ ದಿನವಿಡೀ ನಿಂತು ಚೆಂಡು ಕಾಯುವುದು ಕೆಲಸವಿಲ್ಲದವರ ಕೆಲಸ ಎನ್ನುತ್ತಿದ್ದ. ಆದರೂ ಒಪ್ಪಿಕೊಂಡ. ಮರುವಾರದಿಂದ ಹುಡುಗರು ಬರತೊಡಗಿದರು. ಅವನು ಬಾಗಿಲಲ್ಲೇ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟ. ತಲೆಗೆ ಎಣ್ಣೆ ಹಚ್ಚಿ, ಬಾಚಿ, ಕೂದಲು ತಲೆಗೆ ಅಂಟಿಸಿಕೊಂಡವರಿಗೆ ಮಾತ್ರ ಒಳಗೆ ಪ್ರವೇಶ. ಕೂದಲು ಹಾರಾಡಿದರೆ ಅಂಚು ಸಿಗುವುದಿಲ್ಲವಲ್ಲ. ಹೀಗಾಗಿ ಆ ಗೇಮಿನಲ್ಲಿ ಸಿಕ್ಸರ್ ಹೊಡೆಯುವ ಗಂಡುಗಳೆಲ್ಲ ಶಾಲೆಯ ಮೊದಲ ದಿನಕ್ಕೆ ಹೊರಟ ಮಕ್ಕಳಂತೆ ಕಾಣುತ್ತಿದ್ದರು.

ಚಿಂಚೋಳಿಯ ವೇಗದ ಬೌಲರ್ ಒಬ್ಬ ಒಪ್ಪಲಿಲ್ಲ. ಅವನ ಕೂದಲು ಭುಜದವರೆಗೆ ಇತ್ತು.

"ಎಣ್ಣಿ ಹಚ್ಚಿದ್ರ ನನಗ ಯಾರ್ ಅಂಜತಾರ್ರಿ?"

"ನೀ ಬೌಲಿಂಗ್ ಕೈಲೆ ಮಾಡತೀಯೋ ಕೂದಲಲೇ ಮಾಡತೀಯೋ?"

"ಎರಡರಲೇ ಮಾಡತೀನ್ರಿ."

ಆ ಉತ್ತರ ಅವನಿಗೆ ಹಿಡಿಸಿತು. ಎಣ್ಣೆ ಇಲ್ಲದೆಯೇ ಫೋಟೋ ತೆಗೆಸಿದ. ಆಮೇಲೆ ದಿನಗಟ್ಟಲೆ ಕುಳಿತು ಒಂದೊಂದೇ ಎಳೆಯನ್ನು ಬಿಡಿಸಿದ, ಹುಡುಗನನ್ನು ಬೈಯುತ್ತಲೇ ಬಿಡಿಸಿದ. "ಇವನ ಕೂದಲದಾಗ ನನ್ನ ಆಯುಷ್ಯ ಸಿಕ್ಕೊಂಡದ," ಎಂದು ಗೊಣಗುತ್ತಿದ್ದ. ಮುಗಿದ ಚಿತ್ರ ನೋಡಿದರೆ ಆ ಹುಡುಗ ಗಾಳಿಗೆದುರು ಓಡಿ ಬರುತ್ತಿದ್ದಾನೆ ಅನ್ನಿಸುತ್ತಿತ್ತು.

ಎಲ್ಲರೂ ಸ್ಟುಡಿಯೋಕ್ಕೆ ಬರಲಿಲ್ಲ. ಕೆಲವರು ಹಾಲ್ ಟಿಕೆಟ್ಟಿನ ಫೋಟೋ ಕಳಿಸಿದರು. ಒಬ್ಬ ಅಕ್ಕನ ಮದುವೆಯ ಗ್ರೂಪ್ ಫೋಟೋ ಕೊಟ್ಟು "ಬಲಗಡಿಂದ ಹುಡಕ್ರಿ" ಎಂದ. ಒಬ್ಬ ಬನಿಯನ್‌ನಲ್ಲಿ, ಒಬ್ಬ ಕೋಟಿನಲ್ಲಿ. ಗೇಮಿನಲ್ಲಿ ಮಾತ್ರ ಎಲ್ಲರೂ ಜರ್ಸಿಯಲ್ಲಿರಬೇಕು. ಒಂದು ಮೈಯ ಫೋಟೋ ತೆಗೆದು ಅದರ ಮೇಲೆ ಎಲ್ಲ ತಲೆಗಳನ್ನೂ ಕೂರಿಸುವುದು, ಜರ್ಸಿಯ ಬಣ್ಣ ಊರಿಗೊಂದರಂತೆ ಬದಲಿಸುವುದು ಎಂದು ಅವನೇ ಹಾದಿ ಕಂಡುಕೊಂಡ. ಶರಣಪ್ಪ ಒಂದು ಬಿಳಿ ಜರ್ಸಿ ತಂದುಕೊಟ್ಟ.

"ಯಾರನ್ನ ನಿಲ್ಲಸೋಣ?" ಎಂದೆ.

ಅವನೇ ಅಂಗಿ ಬಿಚ್ಚಿ ಜರ್ಸಿ ತೊಟ್ಟು ಬಂದು ಪರದೆಯ ಮುಂದೆ ನಿಂತ. ನಾನು ಕ್ಯಾಮೆರಾ ಎತ್ತಿದ ಕೂಡಲೇ ಮುಖಕ್ಕೆ ಅಂಗೈ ಅಡ್ಡ ಹಿಡಿದ.

"ತಲಿ ಬ್ಯಾಡ್ರಿ. ಕುತ್ತಿಗಿ ತನಕ ಅಷ್ಟೇ."

ಅಷ್ಟು ವರ್ಷ ನನ್ನಲ್ಲಿದ್ದರೂ ಅವನ ಒಂದೂ ಫೋಟೋ ನಾನು ತೆಗೆದಿರಲಿಲ್ಲ ಎಂಬುದು ಆಗ ಹೊಳೆಯಿತು. ಅವನ ತಂದೆ ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ. ಮಗ ಚಿತ್ರದ ಕೆಲಸಕ್ಕೆ ಬಂದದ್ದು ಅವರಿಗೆ ಸೇರಿರಲಿಲ್ಲ. ಕನಿಷ್ಠ ನಿನ್ನ ಮುಖವನ್ನಾದರೂ ಕೊಡಬೇಡ ಎಂದು ಮಾತು ತೆಗೆದುಕೊಂಡಿದ್ದರಂತೆ.

"ಮಂದಿ ಮುಖ ಹೊಟ್ಟಿಪಾಡಿಗಿ. ಅದನ್ನ ಮ್ಯಾಲಿನ ಮಾಲಕ್ ಮಾಫ್ ಮಾಡತಾನ. ನನ್ನ ಮುಖ ತಗಸಿದ್ರ ಬರೀ ಶೋಕಿ," ಎಂದ. ಆಮೇಲೆ ನಕ್ಕು, "ತಲಿ ಇಲ್ಲಂದ್ರ ಅದು ತಸ್ಬೀರ ಅಲ್ಲರಿ. ಬಟ್ಟಿ ಅಂಗಡಿ ಗೊಂಬಿ."

ಹೀಗೆ ಐದು ಊರಿನ ಆಟಗಾರರೆಲ್ಲ ಅವನ ಹೆಗಲ ಮೇಲೆ ಕುಳಿತರು. ಯಾರಿಗೂ ತಿಳಿಯಲಿಲ್ಲ. ಸೇಡಂನ ಒಬ್ಬ ಬ್ಯಾಟ್ಸ್‌ಮನ್ ಮಾತ್ರ ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿ, "ನನ್ನ ಎಡಗಡಿ ಹೆಗಲು ಯಾಕ್ ಬಿದ್ದದ್ರಿ?" ಎಂದು ಕೇಳಿದ.

"ಬ್ಯಾಟ್ ಹಿಡದು ಹಿಡದು ಬಿದ್ದದ. ದೊಡ್ಡ ಆಟಗಾರರಿಗಿ ಹಂಗೇ ಆಗ್ತದ. ನಿಮಗಿನ್ನಾ ಗೊತ್ತಾಗಿಲ್ಲೇನು?" ಎಂದ ಇವನು.

ಆ ಹುಡುಗ ಮುಂದೆ ಎಷ್ಟೋ ದಿನ ಎಡ ಹೆಗಲು ವಾಲಿಸಿಕೊಂಡೇ ಸೇಡಂನ ಬೀದಿಗಳಲ್ಲಿ ಓಡಾಡಿದನಂತೆ.

ವಾಡಿಯಲ್ಲಿ ಗೇಮ್ ಶುರುವಾದ ದಿನ ನಾವಿಬ್ಬರೂ ಹೋಗಿದ್ದೆವು. ಶರಣಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಮುಖ ಮೂಡಿದಾಗಲೂ ಕೇಕೆ. ನಾನು ಒಳಗೆ ಕುರ್ಚಿಯ ಮೇಲೆ ಕುಳಿತೆ. ಬಂದವರೆಲ್ಲ ನನಗೇ ಕೈ ಮುಗಿಯುತ್ತಿದ್ದರು. ಅವನು ಹೊರಗೆ ನಿಂತು ಮಿರ್ಚಿ ತಿನ್ನುತ್ತಿದ್ದ.

"ಒಳಗ ಬಾರೋ," ಎಂದು ಕೂಗಿದೆ.

"ಒಲ್ಲೆರಿ. ಬಾರಾ ಮಹಿನಾ, ಇಡೀ ವರ್ಷ ಒಳಗೇ ಇರತೀನಿ."

ಸೇಡಂನ ರೆಡ್ಡಿಯವರೂ ಬಂದಿದ್ದರು. ಅವರದೂ ಫೋಟೋ ಸ್ಟುಡಿಯೋ, ನಮ್ಮದಕ್ಕಿಂತ ದೊಡ್ಡದು. ಆ ಚಿಂಚೋಳಿಯ ಬೌಲರ್‌ನ ಕೂದಲು ಪರದೆಯ ಮೇಲೆ ಬಂದಾಗ ಅವರು ಶರಣಪ್ಪನ ಭುಜ ಮುಟ್ಟಿ, "ಇದನ್ನ ಕತ್ತರಿಸಿದವ ಯಾರು?" ಎಂದರು. ನಾನು ಕುರ್ಚಿಯಲ್ಲಿ ತುಸು ನೆಟ್ಟಗೆ ಕುಳಿತೆ. ಶರಣಪ್ಪ ನನ್ನ ತಲೆಯ ಮೇಲಿಂದ ಕೈ ಚಾಚಿ ಹೊರಗೆ ತೋರಿಸಿದ.

ರೆಡ್ಡಿಯವರು ಹೊರಗೆ ಹೋದರು. ಅವರಿಬ್ಬರೂ ರಸ್ತೆಯ ಬದಿಯಲ್ಲಿ ನಿಂತು ಮಾತಾಡಿದ್ದು ನನಗೆ ಕಂಡಿತು, ಕೇಳಿಸಲಿಲ್ಲ. ಹಿಂದಿರುಗುವಾಗ ಅವನೇ ಎಲ್ಲವನ್ನೂ ಹೇಳಿದ. ನನ್ನಿಂದ ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಸೇಡಂಗೆ ಬಾ, ಅರ್ಧ ಪಾಲು ನಿನ್ನದು, ಬೋರ್ಡಿನ ಮೇಲೆ ಇಬ್ಬರ ಹೆಸರೂ ಹಾಕೋಣ ಎಂದಿದ್ದರು. ಆದರೆ ಮಾಲೀಕನನ್ನು ಕೇಳದೆ ಕೆಲಸದವನನ್ನು ಕರೆದುಕೊಂಡು ಹೋಗುವ ಪದ್ಧತಿ ಅವರದಲ್ಲ. ಶಹಾಬಾದಿಗೆ ಬಂದು ನನ್ನನ್ನು ಕೇಳುತ್ತಾರೆ.

"ಮಾಳಗಿ ಮ್ಯಾಲ ಸ್ಟುಡಿಯೋ ಅದಂತರಿ," ಎಂದ. "ನಾ ಕುಂದ್ರೋ ಜಾಗಾದಾಗ ಇಷ್ಟಗಲ ಖಿಡಕಿ. ಹೊಳಿ ಕಾಣತದಂತ." ಎರಡೂ ಕೈ ಅಗಲಿಸಿ ತೋರಿಸಿದ. ಬಸ್ಸಿನಲ್ಲಿ ಪಕ್ಕದವನಿಗೆ ಕೈ ತಾಗಿ ಬೈಸಿಕೊಂಡ. "ನಿಮಗೂ ಬ್ಯಾರೆಯವನ್ನ ನಾನೇ ತಯ್ಯಾರ ಮಾಡಿ ಹೋಗತೀನಿ. ಸಿಟ್ಟಿಲ್ಲಲ್ಲರಿ?"

"ಸಿಟ್ಟೇನೋ, ಚೊಲೋ ಆತಲ್ಲ," ಎಂದೆ.

ರೆಡ್ಡಿಯವರು ಬರುವ ವಾರದಲ್ಲೇ ಅವನಿಗೆ ಕಣ್ಣು ಬಂದವು. ನಮ್ಮ ಕಡೆ ಹಾಗೆನ್ನುತ್ತಾರೆ. ಕಣ್ಣು ಕೆಂಪಾಗಿ, ನೀರು ಸುರಿದು, ರೆಪ್ಪೆ ಅಂಟಿಕೊಂಡರೆ "ಕಣ್ಣು ಬಂದಾವ". ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ, ನಾಲ್ಕು ದಿನಕ್ಕೆ ಹೋಗುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಸ್ಟುಡಿಯೋದ ಬಾಗಿಲಿನವರೆಗೆ ಬಂದ, ನನಗೆ ಹತ್ತೀತೆಂದು ಒಳಗೆ ಬರಲಿಲ್ಲ.

"ರೆಡ್ಡಿಯವ್ರು ಬಂದ್ರ ಹೇಳ್ರಿ ಆಚಾರ್ರೇ, ಅವಗ ಕಣ್ಣು ಬಂದಾವ, ಆರಾಮಾದ ಕೂಡ್ಲೆ ತಾನೇ ಸೇಡಂಗೆ ಬರತಾನ ಅಂತ. ಮರೀಬ್ಯಾಡ್ರಿ."

ಮರೆಯಲಿಲ್ಲ. ರೆಡ್ಡಿಯವರು ಬಂದರು, ಕುಳಿತರು, ಚಹಾ ತರಿಸಿದೆ. "ಎಲ್ಲಿ ನಿಮ್ಮಾತ?" ಎಂದು ಹಿಂದಿನ ಕೋಣೆಯ ಕಡೆ ನೋಡಿದರು. ಅಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಮದುವೆಯ ಕಾಲ ಹತ್ತಿರ ಬಂದಿತ್ತು. ಆಲ್ಬಮ್‌ಗಳು, ಫ್ಲೆಕ್ಸುಗಳು, ಎಲ್ಲವೂ ಅವನ ಬೆರಳಿನಿಂದ ನಡೆಯಬೇಕು. ಅದು ಒಂದು ಕಾರಣ. ಶರಣಪ್ಪನ ಕೈ ನನ್ನ ತಲೆಯ ಮೇಲಿಂದ ಚಾಚಿದ್ದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ, ಈ ವಯಸ್ಸಿನಲ್ಲಿ ಮುಚ್ಚಿಡುವುದೇನು, ಎರಡನೆಯದೇ.

"ಅವಗ ಕಣ್ಣು..." ಎಂದೆ. ಒಂದು ಗುಟುಕು ಚಹಾ ಕುಡಿದೆ. "ಹೋಗ್ಯಾವ್ರಿ."

"ಹೋಗ್ಯಾವ ಅಂದ್ರ?"

"ಆ ಡಬ್ಬಿ ಮುಂದ ಕುಂತು ಕುಂತು. ಆಟಗಾರರ ಕೆಲಸಾನೇ ಆಖರಿ ಆತು ನೋಡ್ರಿ. ಈಗ ಮೊದಲಿನಂಗ ಕಾಣಂಗಿಲ್ಲ. ಕೇಳಿದ್ರ ಒಪ್ಪಂಗಿಲ್ಲ, ಏನಾಗಿಲ್ಲ ಅಂತಾನ. ಪಾಪ."

ಒಪ್ಪಂಗಿಲ್ಲ ಎಂಬ ಆ ಕೊನೆಯ ಮಾತು ಮೊದಲನೆಯದಕ್ಕಿಂತ ಕೆಟ್ಟದ್ದು. ಅವನು ಮುಂದೆ ಏನು ಹೇಳಿದರೂ ನಂಬದ ಹಾಗೆ ಬಾಗಿಲಿಗೆ ಚಿಲಕ ಹಾಕಿಬಿಟ್ಟೆ.

"ಅಯ್ಯೋ ಪಾಪಂ," ಎಂದು ರೆಡ್ಡಿಯವರು ಲೊಚಗುಟ್ಟಿದರು. ಹೊರಗೆ ಹೋಗಿ ಬಾಳೆಹಣ್ಣು ಕೊಂಡು ತಂದು, ಅವನಿಗೆ ಕೊಡಿ ಎಂದು ಮೇಜಿನ ಮೇಲಿಟ್ಟು ಹೋದರು. ಕಣ್ಣು ಹೋದವನಿಗೆ ಒಬ್ಬ ಒಳ್ಳೆಯ ಮನುಷ್ಯ ಅದಕ್ಕಿಂತ ಹೆಚ್ಚೇನು ಮಾಡಿಯಾನು?

ಹಣ್ಣನ್ನು ಅವನಿಗೆ ತಲುಪಿಸಿದೆ.

"ಹಣ್ಣು ಕೊಟ್ಟಾರೇನ್ರಿ? ಅಂದ್ರ ಕೆಲಸ ಪಕ್ಕಾ," ಎಂದ.

ಅವನು ಕಾದ. ಕಣ್ಣು ಆರಾಮಾದ ಮೇಲೆ ಬಂದು ಕೆಲಸಕ್ಕೆ ಕುಳಿತ. ದಿನಾ ಕೇಳುತ್ತಿದ್ದ. ವಿಚಾರ ಮಾಡಾಕತ್ತಾರಂತ ಎಂದೆ, ಊರಾಗಿಲ್ಲಂತ ಎಂದೆ. ಒಂದು ಸುಳ್ಳು ಹೇಳಿದವನು ಒಂದು ಕೋಣೆಯೊಳಗೆ ಹೋದ ಹಾಗೆ; ಹೊರಗೆ ಬರಲು ಬಾಗಿಲು ಹುಡುಕಿದಷ್ಟೂ ಇನ್ನೊಂದು ಕೋಣೆ ಸಿಗುತ್ತದೆ. ಒಂದು ದಿನ ರಜೆ ಕೇಳಿ ಸೇಡಂಗೆ ಹೋಗಿ ಬಂದ. "ಏನಂದ್ರು?" ಎಂದು ಹೆದರುತ್ತ ಕೇಳಿದೆ.

"ಬ್ಯಾರೆಯವನ್ನ ತಗೊಂಡಾರಂತರಿ," ಎಂದ. ಅಷ್ಟೇ. ಒಳಗೆ ಹೋಗಿ ಹೊದಿಸಿದ್ದ ಬಟ್ಟೆ ತೆಗೆದು ಕಂಪ್ಯೂಟರ್ ಹಚ್ಚಿದ.

ಆಮೇಲೆ ನನ್ನ ಮಾತು ಊರಿಂದೂರಿಗೆ ಹಬ್ಬಿ, ಐದು ಊರುಗಳೂ ಅವನ ಮೇಲೆ ಕರುಣೆ ಸುರಿಸತೊಡಗಿದವು. ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುತ್ತಿದ್ದರು. ಹೋಟೆಲಿನಲ್ಲಿ ಚಹಾದ ಕಪ್ಪನ್ನು ಕೈಗೇ ಹಿಡಿಸುತ್ತಿದ್ದರು. ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾದು ನಿಂತಿದ್ದಾಗ ಯಾರೋ ಬಂದು ಕೈ ಹಿಡಿದು, ಮೆಟ್ಟಿಲು ಹತ್ತಿಸಿ, ಇನ್ನೊಂದು ಬದಿಯ ಪ್ಲಾಟ್‌ಫಾರಂಗೆ ದಾಟಿಸಿ ಹೋದನಂತೆ.

"ನಾ ಈ ಕಡೀನೇ ಇರಬೇಕಾಗಿತ್ತರಿ! ಅವ ಪುಣ್ಯಾತ್ಮ ಮಾತಾಡಾಕ ಬಿಟ್ರಲ್ಲ? ಹೊಳ್ಳಿ ಬರೂದ್ರಾಗ ಗಾಡಿ ಹೋತು. ಮಂದಿ ಯಾಕರಿ ಇಷ್ಟು ಒಳ್ಳೇವ್ರಾಗಾಕತ್ತ್ಯಾರ? ಅಂಜಿಕಿ ಬರತದ."

ನಾನು ಕ್ಯಾಮೆರಾದ ಲೆನ್ಸ್ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ಚಿತ್ತಾಪುರದಲ್ಲಿ ಉಚಿತ ನೇತ್ರ ಶಿಬಿರ ನಡೆದಾಗ ಅಲ್ಲಿಯ ಟೀಮಿನ ನಾಲ್ಕು ಹುಡುಗರು ಜೀಪು ತಂದು ಅವನನ್ನು ಹೊತ್ತುಕೊಂಡೇ ಹೋದರು. ಸಂಜೆ ಹಿಂದಿರುಗಿ ಎಲ್ಲರ ಪಾತ್ರವನ್ನೂ ತಾನೇ ಮಾಡಿ ತೋರಿಸಿದ.

"ಡಾಕ್ಟರ್ ಗ್ವಾಡಿ ಮ್ಯಾಲ ಅಕ್ಷರ ತೋರಿಸಿದ. ಕೆಳಗಿಂದ ಓದಲೇನ್ರಿ, ಮ್ಯಾಲಿಂದ ಓದಲೇನ್ರಿ ಅಂದೆ. ಕಡೀ ಸಾಲು ಓದಿ, ಅದರ ಕೆಳಗ ಛಾಪಖಾನಿ ಹೆಸರಿತ್ತು, ಅದನ್ನೂ ಓದಿದೆ. ಡಾಕ್ಟರ್ ಅಂದ, ಇವನ್ನ ಕರಕೊಂಡು ಬಂದವರು ಯಾರು, ಅವರನ್ನ ಕೂಡಸ್ರಿ, ಅವರ ಕಣ್ಣು ನೋಡೋಣು!"

ನಾನೂ ನಕ್ಕೆ, ನಗಬೇಕಾಯಿತು. ಅವನು ನಗು ನಿಲ್ಲಿಸಿ, ಅಂಗಿಯ ಚುಂಗಿನಿಂದ ಪರದೆಯ ಧೂಳು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದ.

"ಸುದ್ದಿ ಸೇಡಂ ಕಡಿಂದ ಬಂದದಂತರಿ."

ಚಹಾ ಹೇಳಲು ನಾನು ಎದ್ದು ಹೊರಗೆ ಹೋದೆ.

ಶಿಬಿರದ ಡಾಕ್ಟರ್ ಹೇಳಿದ್ದು ಚಿತ್ತಾಪುರದ ಆ ನಾಲ್ಕು ಹುಡುಗರಿಗೆ ಮಾತ್ರ ಗೊತ್ತು. ಐದು ಊರಿಗೆ ನನ್ನ ಮಾತು ಗೊತ್ತು.

ಅದಾಗಿ ಸ್ವಲ್ಪ ದಿನಕ್ಕೆ ಶರಣಪ್ಪ ಮತ್ತೆ ಬಂದ. ಗೇಮಿನಲ್ಲಿ ಅಂಪೈರ್‌ನ ಮುಖ ಇನ್ನೂ ಪರದೇಶದವನದೇ ಇತ್ತು. ಅದನ್ನೂ ಬದಲಿಸಬೇಕಂತೆ.

"ಹೊರಗ ಯಾಕ ಹುಡುಕೂದು? ಆಚಾರ್ರು ಅದಾರಲ್ಲ," ಎಂದ ಅವನು. "ಕುಂದ್ರಿ ಆಚಾರ್ರೇ. ನಿಮಗ ಎಣ್ಣಿ ಬ್ಯಾಡ, ನೀವು ನನ್ನ ಪುಣ್ಯಕ್ಕ ಬೋಳ ಆಗೀರಿ."

ಕುಳಿತೆ. ಮರುದಿನ ಕರೆದು ತೋರಿಸಿದ. ಬಿಳಿ ಕೋಟು, ಟೋಪಿ, ನನ್ನ ಮುಖ. ಎಡ ಹೆಗಲು ತುಸು ಇಳಿದಿತ್ತು. ಶರಣಪ್ಪ ನಗುತ್ತ, "ಆಚಾರ್ರನ್ನೇ ಯಾಕ ಆರಿಸಿದ್ಯೋ?" ಎಂದ.

"ಅಂಪೈರಂದ್ರ ಹಂಗೇ ಇರಬೇಕಲ್ಲ. ಬಾಯಿಂದ ಬಂದದ್ದೇ ಖರೇ. ಔಟ್ ಅಂದ್ರ ಔಟ್. ಬ್ಯಾಟಿಗಿ ಬಡದಿತ್ತೋ ಇಲ್ಲೋ, ಯಾರ್ ಕೇಳತಾರ?"

ಶರಣಪ್ಪ ಇನ್ನೂ ಜೋರಾಗಿ ನಕ್ಕ. ಅವನು ನಗಲಿಲ್ಲ. ಮೌಸ್ ಹಿಡಿದು ನನ್ನ ಕಿವಿಯ ಅಂಚನ್ನು ಸ್ವಲ್ಪ ತಿದ್ದಿದ. ಆಮೇಲೆ ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ನನ್ನ ಹೆಗಲ ಮ್ಯಾಲ ನಿಮ್ಮ ತಲಿ ಚೊಲೋ ಕುಂತದ್ರಿ," ಎಂದ.

ಆಗ ಹೇಳಬಹುದಾಗಿತ್ತು. ಶರಣಪ್ಪನೂ ಅಲ್ಲೇ ಇದ್ದ. ಅವನಿಗೆ ಹೇಳಿದ್ದರೆ ಐದು ಊರಿಗೆ ಹೇಳಿದಂತೆ. ಬದಲಾಗಿ ಮರುವಾರ ಗೌಂಡಿಯನ್ನು ಕರೆಸಿ ಹಿಂದಿನ ಕೋಣೆಗೆ ಕಿಟಕಿ ಒಡೆಸಿದೆ. ದೊಡ್ಡದೇ ಒಡೆಸಿದೆ. ಅದರಿಂದ ಹಿಂದಿನ ಗಲ್ಲಿ ಕಾಣುತ್ತಿತ್ತು, ಪಕ್ಕದವರ ನೀರಿನ ಟಾಕಿ ಕಾಣುತ್ತಿತ್ತು. ಅವನು ಬಂದು ನೋಡಿದ. ಹೊರಗೆ ಸ್ವಲ್ಪ ಹೊತ್ತು ಇಣುಕಿದ. ಆಮೇಲೆ ಕತ್ತಲೆ ಕೋಣೆಯ ಕಾಲದ ಕಪ್ಪು ಬಟ್ಟೆಯನ್ನು ಹುಡುಕಿ ತೆಗೆದು, ಎರಡು ಮೊಳೆ ಹೊಡೆದು, ಕಿಟಕಿಯನ್ನು ಮುಚ್ಚಿದ.

"ಯಾಕೋ?"

"ಬೆಳಕು ಬಿದ್ರ ಪರದೆ ಕಾಣಂಗಿಲ್ರಿ."

ಆ ಬಟ್ಟೆಯ ಹಿಂದೆ ಅವನು ಇನ್ನೂ ಎಷ್ಟೋ ವರ್ಷ ಕೆಲಸ ಮಾಡಿದ. ಬೇರೆ ಯಾರೂ ಅವನನ್ನು ಕೇಳಿಕೊಂಡು ಬರಲಿಲ್ಲ. ಕಣ್ಣಿಲ್ಲದವನನ್ನು ಆ ಕೆಲಸಕ್ಕೆ ಯಾರು ಕರೆಯುತ್ತಾರೆ? ಅವನನ್ನು ಇಟ್ಟುಕೊಂಡ ನನಗೆ ದೊಡ್ಡ ಮನಸ್ಸಿನವನೆಂದು ಹೆಸರು ಬಂತು. ನಾನು ಅದನ್ನೂ ಇಟ್ಟುಕೊಂಡೆ. ನಾವಿಬ್ಬರೂ ಎದುರು ಬದುರು ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಅವನು ಮೊದಲಿನ ಹಾಗೆ ಗಿರಾಕಿಗಳ ಕಿವಿ ಮೂಗನ್ನು ಆಡಿಕೊಳ್ಳುತ್ತಿದ್ದ, ನಾನು ನಗುತ್ತಿದ್ದೆ. ಆ ಒಂದು ಮಾತು ನಡುವೆ ಇತ್ತು. ಅವನು ಎತ್ತಲಿಲ್ಲ, ನಾನು ದಾಟಲಿಲ್ಲ. ಕೊನೆಗೆ ಎಲ್ಲರ ಕೈಗೂ ಫೋನು ಬಂತು, ಸ್ಟುಡಿಯೋ ಮುಚ್ಚಿತು. ಅವನು ಭಂಕೂರಕ್ಕೆ ಹೋದ.

ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿದ ಮೇಲೆ ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಿಸಿ ಅವನ ಮುಖ ಹುಡುಕಿದೆ. ಇರಲಿಲ್ಲ. ಎಲ್ಲರ ಮುಖಗಳಿದ್ದವು. ಅವನದು ಇದ್ದದ್ದು ಬಿಳಿ ಜರ್ಸಿ ತೊಟ್ಟ ಒಂದು ಮೈ, ಕುತ್ತಿಗೆಯವರೆಗೆ. ಬೇರೇನೂ ಇಲ್ಲದ್ದಕ್ಕೆ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಭಂಕೂರಕ್ಕೆ ಒಯ್ದೆ.

ಅವನ ಹೆಂಡತಿ ಅಂಗಳದ ಫರ್ಸಿಯ ಮೇಲೆ ಚಾಪೆ ಹಾಸಿದರು. "ಬರ್ರಿ ಅಣ್ಣಾರ, ಕುಂದ್ರಿ." ಚೌಕಟ್ಟಿನ ಕಾಗದ ಬಿಚ್ಚಿ ನೋಡಿದರು.

"ತಲಿ ಎಲ್ಲದ್ರಿ?"

"ಇದ್ದದ್ದು ಇಷ್ಟೇ ತಂಗಿ."

ಅವರು ಎಡ ಹೆಗಲಿನ ಮೇಲೆ ಬೆರಳಾಡಿಸಿ ನಕ್ಕರು. "ಇವರೇ." ಆಮೇಲೆ ಕಾಗದ ಮತ್ತೆ ಸುತ್ತಿ ನನ್ನ ಕಡೆ ಸರಿಸಿದರು. "ನಮ್ಮ ಮನ್ಯಾಗ ಹೋದವರ ಫೋಟೋ ಗ್ವಾಡಿಗಿ ಹಾಕಂಗಿಲ್ರಿ ಅಣ್ಣಾರ. ಬ್ಯಾಸರಾಗಬ್ಯಾಡ್ರಿ."

ಕೈಯಲ್ಲಿ ತಂದದ್ದು ಕೈಯಲ್ಲೇ ಉಳಿಯಿತು. ಆಗ ಹೇಳಿದೆ. ಬಂದಾವ ಎಂದು ಹೇಳಲು ಹೇಳಿದ್ದ, ಹೋಗ್ಯಾವ ಎಂದು ಹೇಳಿದೆ ಎಂದೆ. ಅವರು ತಲೆ ಎತ್ತಲಿಲ್ಲ.

"ಗೊತ್ತದ್ರಿ. ಇವರು ಸೇಡಂಗೆ ಹೋಗಿದ್ರಲ್ಲ, ರೆಡ್ಡಿಯವ್ರು ಅಂದ್ರಂತ, ಗುಡಿ ಮನೆತನದವ್ರು, ಆಚಾರ್ರು ಸುಳ್ಳು ಹೇಳತಾರೇನು ಅಂತ. ಇವರೇನಂದ್ರು ಗೊತ್ತೇನ್ರಿ? ಆಚಾರ್ರು ಬಂದಾವ ಅಂದಿರಬೇಕು, ನೀವೇ ಹೋಗ್ಯಾವ ಅಂತ ಕೇಳೀರಿ ಅಂದ್ರಂತ. ಅವ್ರು ನಂಬಲಿಲ್ಲ."

ನಾನು ಕೈಯಲ್ಲಿದ್ದ ಚೌಕಟ್ಟನ್ನು ಚಾಪೆಯ ಮೇಲಿಟ್ಟೆ. ಅವರು ಮುಂದುವರಿಸಿದರು.

"ನನ್ನ ಮುಂದ ಹೇಳಿ ಏನು ಬಂತರಿ? ಅವರ ಕಣ್ಣು ನನಗ ಗೊತ್ತಿದ್ವು. ಅಕ್ಕ್ಯಾಗಿನ ಹರಳ ಅವರೇ ಆರಸತಿದ್ರು. ಮಣ್ಣಿಗಿ ಬಂದವರು ಸೈತ ಪಾಪ, ಕಣ್ಣಿಲ್ಲದವ ಅಂದು ಹೋದ್ರು. ಅವರಿಗಿ ಹೇಳ್ರಿ."

"ಹೆಸರು ಹಾಕಿ ಪೇಪರಿನ್ಯಾಗ ಬರೀತೀನಿ," ಎಂದೆ.

"ಹೆಸರು ಈಗ ಬ್ಯಾಡ್ರಿ. ಹೆಸರಿನ ಹಿಂದ ಕುರುಡ ಅಂತ ಹಚ್ಚಿಟ್ಟಾರ. ಮೊದಲ ಅದನ್ನ ಕತ್ತರಸ್ರಿ. ಆಮ್ಯಾಲ ಹೆಸರು."

ಅದಕ್ಕೇ ಇದನ್ನು ಬರೆದೆ. ನನ್ನ ಕೈಗೆ ಅವನ ಕೈಯ ನಯವಿಲ್ಲ. ಅಂಚು ಒರಟಾಗಿರುತ್ತದೆ, ಆದರೂ ಕತ್ತರಿಸಿದ್ದೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯವರು ಯಾರಾದರೂ ಓದಿದರೆ ಓದದವರಿಗೆ ಹೇಳಿ. ನನ್ನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದನಲ್ಲ, ಎಡ ಹೆಗಲು ಇಳಿದವನು, ರೆಡ್ಡಿಯವರು ಹುಡುಕಿಕೊಂಡು ಬಂದ ದಿನ ಅವನಿಗೆ ಕಣ್ಣು ಬಂದಿದ್ದವು. ಅಷ್ಟೇ.